ಉಣ್ಣುವ ಗುಲಾಬಿ

ಆ ಸೋಮವಾರ ಸಂಜೆ ನಮ್ಮ ಮನೆಯ ಏಳು ತಾಯಿಕುರಿಗಳು ತಾವು ಈದ ಮರಿಗಳನ್ನೇ ಗುದ್ದಿ ಉರುಳಿಸಿದವು. ದಿನವಿಡೀ ಮೇಯ್ದು, ಕೆಚ್ಚಲು ಬಿಗಿದುಕೊಂಡು, ಅರಚುತ್ತಾ ಓಡಿ ಬಂದಿದ್ದವು. ನಾನು ಮರಿಗೂಡಿನ ತಡಿಕೆ ತೆಗೆದು ಎಳೆಯ ಮರಿಗಳನ್ನು ಒಂದೊಂದಾಗಿ ಬಿಟ್ಟೆ. ತಾಯಿಗಳು ಮರಿಯ ಬಾಲದ ಬುಡ ಮೂಸಿದವು, ತಲೆ ಕೊಡವಿ ಹಿಂದಕ್ಕೆ ಸರಿದವು. ಕೆಚ್ಚಲಿಗೆ ಬಾಯಿ ಹಾಕಲು ಹೋದ ಮರಿ ಮಾರು ದೂರ ಹೋಗಿ ಬಿತ್ತು. ಒಂದು ಕುರಿ ಹೀಗೆ ಮಾಡಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಏಳೂ ಒಟ್ಟಿಗೆ ಮಾಡಿದ್ದನ್ನು ನಮ್ಮತ್ತೆಯೂ ನೋಡಿರಲಿಕ್ಕಿಲ್ಲ. ಹೊರಗೆ ಮುಳ್ಳುಬೇಲಿಯೊಳಗಿದ್ದ ದೊಡ್ಡ ಮರಿಗಳು ಮಾತ್ರ ಎಂದಿನಂತೆ ಬಾಲ ಅಲ್ಲಾಡಿಸುತ್ತಾ ಹಾಲು ಕುಡಿಯುತ್ತಿದ್ದವು.

ನಾನು ಒಂದು ಮರಿಯನ್ನು ಎತ್ತಿ ಮೂಸಿದೆ. ಕುರಿಮರಿಯ ಮೈಯಿಂದ ಗುಲಾಬಿಯ ವಾಸನೆ ಬಂತು.

ಮೂರು ದಿನದ ಮರಿಗೆ ಹಾಲಿಲ್ಲದಿದ್ದರೆ ಪುಷ್ಯದ ಚಳಿಯಲ್ಲಿ ಎರಡು ದಿನ ಉಳಿದರೆ ಹೆಚ್ಚು. ನೀರಲ್ಲಿ ತೊಳೆಯೋಣವೆಂದರೆ ಹಸಿವಿಗಿಂತ ಮೊದಲು ಚಳಿಯೇ ಕೊಲ್ಲುತ್ತದೆ. ನನ್ನ ಕೈಕಾಲು ತಣ್ಣಗಾದವು, ಬಾಯಿ ಮಾತ್ರ ಬಿಸಿಯಾಯಿತು. ನನ್ನ ಹೆಸರು ಮೂಕಮ್ಮ. ಹೆಸರಿಟ್ಟವರಿಗೆ ಮುಂದಾಗುವುದು ತಿಳಿದಿರಲಿಲ್ಲ ಪಾಪ. ನಾನು ದನಿ ಎತ್ತಿದರೆ ಅಮರಾಪುರದ ಸಂತೆಗೆ ಹೊರಟವರು ದಾರಿಯಲ್ಲೇ ನಿಲ್ಲುತ್ತಾರೆಂದು ನಮ್ಮ ಹಟ್ಟಿಯಲ್ಲಿ ಹಾಸ್ಯ ಮಾಡುತ್ತಾರೆ.

"ಅಂಬಮ್ಮಾ! ಬಾರೇ ಹೊರಕ್ಕೆ!"

ಸೊಸೆ ಕೈಯ ರಾಗಿಹಿಟ್ಟು ಕೊಡವಿಕೊಳ್ಳುತ್ತಾ ಬಂದಳು. ಮದುವೆಯಾಗಿ ಬಂದು ಇಪ್ಪತ್ತು ದಿನ. ರಾಯದುರ್ಗದ ಹುಡುಗಿ, ದರ್ಜಿಯ ಮಗಳು.

"ಇನ್ನೊಂದು ಅತ್ತರಿನ ಸೀಸೆ ಎಲ್ಲಿ ಮಡಗಿದ್ದೀಯ?"

"ಇನ್ನೊಂದು ಇಲ್ರಿ ಅತ್ತಿ. ಇದ್ದದ್ದು ಒಂದಾ. ಅದನ್ನ ನಿಮ್ಮ ಕೈಯಾಗ ಕೊಟ್ಟೀನಲ್ರಿ."

"ಕೊಟ್ಟೆ, ನಾನು ಬಾವಿಗೆ ಎಸೆದೆ. ಹಂಗಾದ್ರೆ ಈ ವಾಸ್ನೆ ಎಲ್ಲಿಂದ ಬಂತು, ಆಕಾಸದಿಂದ ಉದುರ್ತಾ? ಮರಿಗಳ್ನ ಎತ್ಕೊಂಡು ಆಡ್ಸೋಳು ಯಾರು, ನೀನಲ್ವಾ?"

"ಆಡಸ್ತೀನ್ರಿ. ಆದ್ರ ನಾ ಹಚ್ಚಿಕೊಂಡಿಲ್ರಿ."

ಬಾವಿಗೆ ಎಸೆದೆ ಎಂದೆನಲ್ಲ, ಅದು ಸುಳ್ಳು. ಅವಳು ಕೊಟ್ಟ ಸೀಸೆ ನನ್ನ ಹತ್ತಿರವೇ ಇತ್ತು. ಆದರೆ ಅದರ ಬಿರಡೆ ಭದ್ರವಾಗಿದೆ, ಹಾಗಾಗಿ ಈ ಹುಡುಗಿ ಇನ್ನೊಂದನ್ನು ಬಚ್ಚಿಟ್ಟಿದ್ದಾಳೆಂದು ಆ ಹೊತ್ತಿಗೆ ನಾನು ನಿಜವಾಗಿ ನಂಬಿದ್ದೆ. ನನ್ನ ಮೇಲೆಯೇ ನನಗೆ ಅನುಮಾನ ಬರಲಿಲ್ಲವೇ ಎಂದರೆ, ಬಂತು. ಬಂದದ್ದನ್ನು ಇನ್ನಷ್ಟು ಜೋರಾಗಿ ಬೈದು ಅದುಮಿದೆ.

ಆ ಸೀಸೆಯ ಕತೆ ಹೇಳಬೇಕು. ಅದು ಯುದ್ಧದ ಕಾಲ. ಹಿಂದೂಪುರದಿಂದ ಮಡಕಶಿರಕ್ಕೆ ಬರುವ ಬಸ್ಸು ಇದ್ದಿಲು ಉರಿಸಿಕೊಂಡು ಓಡುತ್ತಿತ್ತು, ಏರು ಬಂದಲ್ಲಿ ಜನ ಇಳಿದು ತಳ್ಳುತ್ತಿದ್ದರು. ಸಕ್ಕರೆಗೆ ಚೀಟಿ, ಸೀಮೆಎಣ್ಣೆಗೆ ಚೀಟಿ. ಅಂಬಮ್ಮನ ಅಪ್ಪ ಹಂಪಣ್ಣ ನಮ್ಮ ಕುಲದವನೇ. ಅವನ ತಂದೆ ಕುರಿ ಮಾರಿ ರಾಯದುರ್ಗ ಸೇರಿ ಸೂಜಿ ಹಿಡಿದಿದ್ದ. ಮಗ ಮಿಷನ್ನು ಹಾಕಿದ. ಅಲ್ಲಿಯ ಒಬ್ಬ ಅತ್ತರಿನ ಸಾಬರ ಮನೆಯ ಮದುವೆಗೆ ಬಟ್ಟೆ ಹೊಲಿದುಕೊಟ್ಟಾಗ ಆ ಸಾಬರು ಖುಷಿಯಾಗಿ, ನಿನ್ನ ಮಗಳ ಮದುವೆಗೆ ಇರಲಿ ಎಂದು ಕಿರುಬೆರಳುದ್ದದ ಒಂದು ಸೀಸೆ ಕೊಟ್ಟರಂತೆ. ಅದನ್ನು ಹಚ್ಚಿಕೊಂಡೇ ಹುಡುಗಿ ನಮ್ಮ ಅಂಗಳಕ್ಕೆ ಕಾಲಿಟ್ಟಳು.

ಸೇರಕ್ಕಿ ಒದ್ದು ಇನ್ನೂ ಒಳಗೆ ಬಂದಿರಲಿಲ್ಲ, ನನ್ನ ಗಂಡ ಯರ್ರಪ್ಪ ಹಿತ್ತಲಿನಿಂದ ಬಂದವನೇ ನೇರವಾಗಿ ಒಲೆಯ ಹತ್ತಿರ ಹೋಗಿ ಮಡಕೆಗಳ ಮುಚ್ಚಳ ತೆಗೆದು ನೋಡಿದ. "ಏನೇ, ಪಾಯ್ಸ ಮಾಡಿ ಎಲ್ಲಿ ಬಚ್ಚಿಟ್ಟಿದ್ದೀಯ?" ಎಂದ. ಸೇರಿದ್ದ ಹೆಂಗಸರೆಲ್ಲ ನಕ್ಕರು. ನಾನು ನಗಲಿಲ್ಲ. ನನ್ನ ಬಾಯಲ್ಲಿ ನೀರು ಬಂದಿತ್ತು.

ನಮ್ಮ ಮೂಗನ್ನು ನೀವು ಹಗುರವಾಗಿ ನೋಡಬೇಡಿ. ನಲವತ್ತು ಕುರಿಯ ಮೈವಾಸನೆಯನ್ನು ಕಣ್ಣು ಮುಚ್ಚಿ ಬೇರೆ ಬೇರೆ ಮಾಡಿ ಹೇಳಬಲ್ಲೆ, ಮಳೆ ಇನ್ನೆಷ್ಟು ದೂರ ಇದೆಯೆಂದು ಮಣ್ಣು ಮೂಸಿ ಹೇಳಬಲ್ಲೆ. ಅದು ಗುಲಾಬಿ ಹೌದು, ಆದರೆ ಗಿಡದ ಮೇಲಿನ ಗುಲಾಬಿ ಅಲ್ಲ. ಮಡಕಶಿರದಲ್ಲಿ ಮಾರುವ ಗುಲಾಬಿಯನ್ನು ಮೂಸಿದರೆ ಮೊದಲು ಎಲೆಯ ಹಸಿರು, ಆಮೇಲೆ ನೀರು, ಕೊನೆಗೊಂದು ಒಗರು. ಇದರಲ್ಲಿ ಹಸಿರೂ ಇಲ್ಲ, ನೀರೂ ಇಲ್ಲ. ಯಾರೋ ಒಂದು ತೋಟದ ಹೂವನ್ನೆಲ್ಲ ಕಿತ್ತು ಬೆಲ್ಲದ ಪಾಕಕ್ಕೆ ಹಾಕಿ, ಸಣ್ಣ ಉರಿಯಲ್ಲಿ ಮಗುಚುತ್ತಾ ಕೂತ ಹಾಗೆ. ಹಚ್ಚಿದ ಗಳಿಗೆಯಲ್ಲಿ ಹೂವು ಮುಂದೆ ಬಂದು ನಿಲ್ಲುತ್ತದೆ. ಒಲೆಗೆ ಎರಡು ಸೌದೆ ಹಾಕುವಷ್ಟು ಹೊತ್ತಿಗೆ ಹೂವು ಹಿಂದೆ ಸರಿದು ಕಾಯಿಸಿದ ಹಾಲು ಬರುತ್ತದೆ, ಏಲಕ್ಕಿ ಬರುತ್ತದೆ. ಸಂಜೆಯ ಹೊತ್ತಿಗೆ ಅವೂ ಹೋಗಿ, ಪಾತ್ರೆಯ ತಳಕ್ಕೆ ಹತ್ತಿ ಸ್ವಲ್ಪ ಕಂದಿದ ಸಿಹಿ ಉಳಿಯುತ್ತದೆ. ಅದೇ ಎಲ್ಲಕ್ಕಿಂತ ಚೆನ್ನ.

"ಸಾಬ್ರು ಇದನ್ನ ಉಣ್ಣೋ ಗುಲಾಬಿ ಅಂತಾರ್ರಿ ಅತ್ತಿ," ಎಂದಿದ್ದಳು ಹುಡುಗಿ. "ಹಚ್ಚಿಕೊಳ್ಳೋ ಗುಲಾಬಿ ಬ್ಯಾರೆ ಐತಂತ, ಅದು ದ್ವಡ್ಡ ಮಂದಿಗೆ. ಇದು ಹಸದವರಿಗೆ ಅಂತ ನಗ್ತಾರ್ರಿ."

ಅವಳು ಬಂದ ಐದನೆಯ ದಿನ ಮೊದಲ ಕುರಿ ಈಯಿತು. ಕುರಿ ಈಯುವ ಕಾಲದಲ್ಲಿ ನಮ್ಮ ಹೆಂಗಸರು ಹೂವು ಮುಡಿಯುವುದಿಲ್ಲ, ಸೀಗೆಕಾಯಿ ಕೂಡ ಮುಟ್ಟುವುದಿಲ್ಲ. ತಾಯಿ ಮರಿಯನ್ನು ಗುರುತಿಸುವುದು ಕಣ್ಣಿನಿಂದಲ್ಲ, ಮೂಗಿನಿಂದ. ಸೊಸೆಗೆ ಇದನ್ನು ಹೇಳಿ ಸೀಸೆ ಕೇಳಿದೆ. ಅವಳು ಕೂಡಲೇ ಟ್ರಂಕಿನಿಂದ ತೆಗೆದು ಕೊಟ್ಟಳು. ಬಾವಿಗೆ ಹಾಕಿ ಬರುತ್ತೇನೆಂದು ಹೋದೆ. ಬಾವಿಯ ಕಟ್ಟೆಯ ಮೇಲೆ ನಿಂತು, ಎಸೆಯುವ ಮೊದಲು ಒಂದು ಸಲ ಬಿರಡೆ ತೆಗೆದೆ. ಅಷ್ಟೇ. ಸೀಸೆ ನನ್ನ ಸೊಂಟದ ಎಲೆಅಡಿಕೆ ಸಂಚಿಗೆ ಸೇರಿ ಮನೆಗೆ ವಾಪಸು ಬಂತು.

ಮನೆಯಲ್ಲಿ ಎಲ್ಲಿಡಲಿ? ಸಂಚಿಗೆ ಗಂಡ ಹೊಗೆಸೊಪ್ಪಿಗೆ ಕೈ ಹಾಕುತ್ತಾನೆ. ಮಡಕೆಗಳು ಈಗ ಸೊಸೆಯ ಕೈಯಲ್ಲಿವೆ. ಪಡಸಾಲೆಯ ಮೂಲೆಯಲ್ಲಿ ಮೊಣಕಾಲೆತ್ತರದ ಮಣ್ಣುಗೋಡೆ ಕಟ್ಟಿ ಮಾಡಿದ ಮರಿಗೂಡು ಇದೆ. ಎಳೆಯ ಮರಿಗಳು ಬೆಚ್ಚಗಿರಲೆಂದು ಅದರಲ್ಲಿ ನಾಲ್ಕು ಮಡಿಕೆಯ ಹಳೇ ಕಂಬಳಿ ಹಾಸಿರುತ್ತದೆ. ಆ ಕಂಬಳಿಯನ್ನು ಕೊಡವುವುದು, ಮಡಿಸುವುದು ಮೂವತ್ತು ವರ್ಷದಿಂದ ನನ್ನೊಬ್ಬಳ ಕೆಲಸ. ಬೇರೆಯವರ ಕೈ ಅಲ್ಲಿಗೆ ಬರುವುದಿಲ್ಲ. ಅಡಿಯ ಮಡಿಕೆಯೊಳಗೆ, ಗೋಡೆಯ ಸಂದಿಯಲ್ಲಿ ಇಟ್ಟೆ. ದಿನಾ ಬೆಳಗ್ಗೆ ಗೂಡು ಗುಡಿಸಿದ ಮೇಲೆ ಬಿರಡೆ ತೆಗೆದು ಮೂಗಿನ ಹತ್ತಿರ ಹಿಡಿಯುವುದು, ಬಿರಡೆಯ ತುದಿಯನ್ನು ಮುಂಗೈಗೆ ಒಂದೇ ಒಂದು ಸಲ ತಾಗಿಸುವುದು, ಆಮೇಲೆ ಬೂದಿ ಹಾಕಿ ಕೈ ತಿಕ್ಕುವುದು. ಕುರಿ ಕಾಯುವವಳು ಕುರಿಯ ಗೂಡಿನಲ್ಲೇ ಅತ್ತರು ಬಚ್ಚಿಟ್ಟಳು. ಆಸೆ ಬಂದಾಗ ಬುದ್ಧಿ ಎಲ್ಲಿಗೆ ಹೋಗುತ್ತದೋ ನನಗಂತೂ ತಿಳಿಯದು.

ಸೋಮವಾರ ಸಂಜೆಗೆ ಮತ್ತೆ ಬರುತ್ತೇನೆ. ನನ್ನ ಕೂಗಿಗೆ ಅರ್ಧ ಹಟ್ಟಿ ಸೇರಿತು. ಹಟ್ಟಿಯ ಯಜಮಾನ ಜುಂಜಣ್ಣ ನನಗೆ ಭಾವನಾಗಬೇಕು. ಅವನು ಮರಿಗಳನ್ನು ಮೂಸಿದ, ಸೊಸೆಯನ್ನು ನೋಡಿದ.

"ನೋಡವ್ವ, ಸಂಕ್ರಾಂತಿಗೆ ಕರ್ಕೊಂಡೋಗಕ್ಕೆ ನಿಮ್ಮಪ್ಪ ಗುರುವಾರ ಬತ್ತಾನಂತಲ್ಲ, ಅವನ ಮುಂದೇನೇ ಕಂಬ್ಳಿ ಹಾಸ್ತೀವಿ. ಮುಟ್ಟಿ ಆಣೆ ಮಾಡು. ಮಾಡಿದ್ರೆ ನಿನ್ ಮಾತು ನಮ್ ಮಾತು. ಮಾಡ್ದಿದ್ರೆ ಅಪ್ಪನ ಜತೆ ಹೋಗು, ಮತ್ತೆ ತಿರುಗಿ ಬರಬ್ಯಾಡ."

ಹಾಸಿದ ಕರಿಕಂಬಳಿಯ ಮೇಲೆ ಕೈಯಿಟ್ಟು ಸುಳ್ಳು ಹೇಳಿದರೆ ಹೇಳಿದವರ ಮನೆಯ ಮಂದೆ ಉಳಿಯುವುದಿಲ್ಲ. ಇದು ನಮ್ಮಲ್ಲಿ ಯಾರೂ ಪರೀಕ್ಷೆ ಮಾಡಿ ನೋಡದ ಮಾತು. ಹುಡುಗಿ ನನ್ನನ್ನೇ ನೋಡಿದಳು. ನಾನು ಮುಖ ತಿರುಗಿಸಿ ಮರಿಗಳ ಕಡೆ ಹೋದೆ.

ಮಂಗಳವಾರ ಕುರಿಗಳು ಮೇಯಲು ಹೋದ ಮೇಲೆ ಮರಿಗೂಡಿನ ಕಂಬಳಿ ಎತ್ತಿದೆ. ಅಡಿಯ ಮಡಿಕೆ ಅಂಗೈಯಗಲ ಕಪ್ಪಾಗಿ ಜಿಡ್ಡುಗಟ್ಟಿತ್ತು. ಸೀಸೆ ಓರೆಯಾಗಿ ಬಿದ್ದಿತ್ತು, ಬಿರಡೆ ಪಕ್ಕದಲ್ಲಿತ್ತು. ಸೋಮವಾರ ಬೆಳಗ್ಗೆ ಗಂಡ ಕೆಮ್ಮಿದ ಸದ್ದು ಕೇಳಿ ನಾನು ಗಡಿಬಿಡಿಯಲ್ಲಿ ಮುಚ್ಚಿದ್ದು ನೆನಪಾಯಿತು. ಮರಿಗಳು ತುಳಿದಾಡಿದ್ದಕ್ಕೆ ಬಿರಡೆ ಕಳಚಿ, ಚೆಲ್ಲಿದ್ದನ್ನೆಲ್ಲ ಉಣ್ಣೆ ಕುಡಿದಿತ್ತು. ಅದರ ಮೇಲೆ ಏಳು ಮರಿಗಳು ಒಂದು ಹಗಲು ಒಂದು ರಾತ್ರಿ ಮಲಗಿ ಎದ್ದಿದ್ದವು. ಮೂಗಿನ ಬಗ್ಗೆ ಅಷ್ಟು ಜಂಬ ಪಡುವ ನನಗೆ ಇದು ಮೊದಲೇ ತಿಳಿಯಲಿಲ್ಲ, ಏಕೆಂದರೆ ದಿನಾ ಮೂಸಿ ಮೂಸಿ ನನ್ನ ಮೂಗಿಗೆ ಆ ವಾಸನೆ ಒಗ್ಗಿಹೋಗಿತ್ತು.

ಅಲ್ಲೇ ಕುಕ್ಕರಿಸಿದೆ. ಆಗಲೇ ಎದ್ದು ಹೋಗಿ ಹೇಳಬಹುದಿತ್ತು. ಹುಡುಗಿ ಹಿತ್ತಲಲ್ಲಿ, ಮೇಕೆಹಾಲಿಗೆ ಅದ್ದಿದ ಬತ್ತಿಯನ್ನು ಒಂದು ಮರಿಯ ಬಾಯಿಗಿಟ್ಟು "ಕುಡಿ ಕೂಸ, ಕುಡಿ" ಎನ್ನುತ್ತಿದ್ದಳು. ಹತ್ತು ಹೆಜ್ಜೆ ದೂರ. ನನಗೆ ಆ ಹತ್ತು ಹೆಜ್ಜೆ ಇಡಲಾಗಲಿಲ್ಲ. ಹೆದರಿಕೆ ಗಂಡನದ್ದಲ್ಲ, ಜುಂಜಣ್ಣನದ್ದೂ ಅಲ್ಲ. ಐವತ್ತು ದಾಟಿದ ಕುರಿಯವಳು, ತಲೆ ನರೆತವಳು, ಕದ್ದು ಅತ್ತರು ಹಚ್ಚಿಕೊಳ್ಳುತ್ತಿದ್ದಳೆಂದು ತಿಳಿದರೆ ಬಾವಿಕಟ್ಟೆಯಲ್ಲಿ ನಗುತ್ತಾರಲ್ಲ, ಆ ನಗುವಿಗೆ ಹೆದರಿದೆ. ಜೀವಮಾನವೆಲ್ಲ ಬೇರೆಯವರನ್ನು ನೋಡಿ ನಕ್ಕವಳಿಗೆ ನಗುವಿನ ಏಟು ಎಷ್ಟು ಬೀಳುತ್ತದೆಂದು ಚೆನ್ನಾಗಿ ಗೊತ್ತಿರುತ್ತದೆ.

ಕಂಬಳಿಯನ್ನು ಹೊಲದ ಬದುವಿನಲ್ಲಿ ಹೂತು ಬಂದೆ. ಗೂಡಿಗೆ ಬೇರೆ ಕಂಬಳಿ ಹಾಸಿದೆ. ಸೀಸೆಯಲ್ಲಿ ಇನ್ನೂ ಕಾಲುಭಾಗ ಇತ್ತು. ಅದನ್ನೂ ಹೂಳಬೇಕಿತ್ತು. ಹೂಳಲಿಲ್ಲ, ಸಂಚಿಯ ಅಡಿಗೆ ಹಾಕಿಕೊಂಡೆ. ಇಷ್ಟೆಲ್ಲ ಆದ ಮೇಲೂ ಅದನ್ನು ಬಿಡಲಾರದ ನನ್ನನ್ನು ಕಂಡು ನನಗೇ ಅಸಹ್ಯವಾಯಿತು.

ಕಂಬಳಿ ಹೋದರೂ ಮರಿಗಳ ಮೈಯ ವಾಸನೆ ಹೋಗಲಿಲ್ಲ. ಆಯಾ ತಾಯಿಯ ಹಾಲನ್ನೇ ಕರೆದು ಮರಿಯ ಬೆನ್ನಿಗೆ, ಬಾಲಕ್ಕೆ ಸವರಿದೆವು. ಚಿತ್ತಪ್ಪ, ನನ್ನ ಮಗ, ಕುರಿಯ ಕಾಲು ಕಟ್ಟಿ ಹಿಡಿದ. ಎರಡು ಕುರಿಗಳು ಒಲ್ಲದ ಮನಸ್ಸಿನಿಂದ ನಿಂತವು. ಉಳಿದವು ಬಿದ್ದು ಹೊರಳಾಡಿದವು. ಮಂಗಳವಾರ ಸಂಜೆ ಒಂದು ಮರಿ ಸತ್ತಿತು. ಬುಧವಾರ ಮಧ್ಯಾಹ್ನ ಇನ್ನೊಂದು, ಅಂಬಮ್ಮನ ತೊಡೆಯ ಮೇಲೆಯೇ ಸತ್ತಿತು. ಅವಳು ಅಳಲಿಲ್ಲ. ಅದನ್ನು ಸೆರಗಿನಲ್ಲಿ ಸುತ್ತಿ ತಂದು ನನ್ನ ಮುಂದೆ ಇಟ್ಟಳು. ಎರಡು ಗಳಿಗೆ ಅಲ್ಲೇ ನಿಂತಳು. ನಾನು ಏನಾದರೂ ಹೇಳುತ್ತೇನೆಂದು ಕಾಯುತ್ತಿದ್ದಾಳೆ ಅನ್ನಿಸಿತು. ನಾನು "ಗುಣಿ ತೋಡಿಸು" ಎಂದೆ.

ಅಂದು ಚಿತ್ತಪ್ಪ ಮೊದಲ ಸಲ ನನಗೆ ಎದುರು ಮಾತಾಡಿದ.

"ಅವ್ವ, ಅವಳು ಸುಳ್ಳು ಹೇಳೋಳಲ್ಲ ಕಣವ್ವ."

"ಎಂಡ್ತಿ ಬಂದು ಇಪ್ಪತ್ತು ದಿನಕ್ಕೆ ಅವ್ವನೇ ಸುಳ್ಳಿಯಾದ್ಲೇನೋ?"

"ನಾನು ಹಂಗಂದ್ನಾ?" ಎಂದು ಅವನು ಹೊರಗೆ ಹೋದ. ಅಂದಿರಲಿಲ್ಲ. ನಾನೇ ಅಂದುಕೊಂಡಿದ್ದೆ.

ಗುರುವಾರ ಹಂಪಣ್ಣ ಬಂದ. ರಾಯದುರ್ಗದಿಂದ ರೈಲು ಹತ್ತಿ, ಇಳಿದು, ಮತ್ತೆ ಹತ್ತಿ, ಹಿಂದೂಪುರದಲ್ಲಿ ಬಸ್ಸು ಹಿಡಿದು, ಮಡಕಶಿರದಿಂದ ಸಿಕ್ಕಿದ ಗಾಡಿಯಲ್ಲಿ ಬಂದಿದ್ದ. ಕೋಟಿನ ಮೇಲೆಲ್ಲ ಇದ್ದಿಲ ಮಸಿ. ಕೈಯಲ್ಲಿ ಮಗಳಿಗೂ ಅಳಿಯನಿಗೂ ಹಬ್ಬಕ್ಕೆಂದು ತಾನೇ ಹೊಲಿದ ಬಟ್ಟೆಯ ಗಂಟು. ಬಾಗಿಲಲ್ಲೇ ಜುಂಜಣ್ಣ ವಿಷಯ ಹೇಳಿದ. ಮನುಷ್ಯ ಗಂಟನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಎದೆಗೆ ಅವುಚಿಕೊಂಡು ನಿಂತುಬಿಟ್ಟ.

"ತಪ್ಪು ನಂದ್ರಿ," ಎಂದ ಕೊನೆಗೆ. "ಅತ್ತರು ಕೊಟ್ಟಾವ ನಾನು. ಕುರಿ ಇರೋ ಮನಿಗೆ ಕೊಡಬಾರದಿತ್ತು, ನಮ್ಮಪ್ಪ ಇದ್ದಿದ್ರ ಹೇಳ್ತಿದ್ದ. ನಾವು ಸೂಜಿ ಹಿಡದು ಎಲ್ಲಾ ಮರತ್ವಿ. ಕೂಸಿಗೆ ಏನೂ ಅನಬ್ಯಾಡ್ರಿ."

"ಅನ್ನಾಕೆ ನಾವ್ಯಾರು? ಕಂಬ್ಳಿ ಅಂತೈತೆ," ಎಂದ ಜುಂಜಣ್ಣ.

ಅಂಗಳದಲ್ಲಿ ಕರಿಕಂಬಳಿ ಹಾಸಿದರು. ಭಂಡಾರ ಇಟ್ಟು ಜನ ಸುತ್ತ ಕೂತರು. ಬೇಲಿಯಾಚೆ ಹೆಂಗಸರು ನಿಂತರು. ಉಳಿದ ಐದು ಮರಿಗಳು ಗೂಡಿನಲ್ಲಿ ಅರಚುತ್ತಿದ್ದವು, ಅಷ್ಟು ಜನರಲ್ಲಿ ಮಾತಾಡುತ್ತಿದ್ದದ್ದು ಅವು ಮಾತ್ರ. ಅಂಬಮ್ಮನನ್ನು ಕರೆದರು. ಅವಳು ತನ್ನ ಟ್ರಂಕನ್ನು ಹೊರಗೆ ತಂದು ಅಪ್ಪನ ಕಾಲ ಬಳಿ ಇಟ್ಟು, ಕಂಬಳಿಯ ಅಂಚಿನಲ್ಲಿ ಬಂದು ನಿಂತಳು.

"ಮುಟ್ಟಿ ಹೇಳವ್ವ. ಇನ್ನೊಂದು ಸೀಸೆ ಇರ್ಲಿಲ್ಲ, ಇದ್ದದ್ದನ್ನ ಅತ್ತೆ ಕೈಗೆ ಕೊಟ್ಟೆ ಅಂತ ಹೇಳು," ಎಂದ ಜುಂಜಣ್ಣ.

"ಮುಟ್ಟಂಗಿಲ್ರಿ," ಎಂದಳು ಹುಡುಗಿ.

ಜನ ಒಮ್ಮೆಗೇ ಗುಜುಗುಜು ಎಂದರು. ಹಂಪಣ್ಣ "ಯಾಕ ಕೂಸ? ಯಾಕ ಮುಟ್ಟಂಗಿಲ್ಲ?" ಎಂದು ಅರ್ಧ ಎದ್ದ.

"ನಾ ಮುಟ್ಟಿ ಹೇಳಿದ್ರ ಆಮ್ಯಾಲೆ ಅತ್ತಿಯಾರನ್ನ ಮುಟ್ಟಿ ಹೇಳಂತೀರಿ. ಬಾವಿಗೆ ಎಸದೆ ಅಂತ ಅವರೂ ಹೇಳಬೇಕಾಗತೈತಿ. ಬ್ಯಾಡ್ರಿ. ಈ ಮನಿ ಮಂದಿ, ಈ ಮನಿ ಮಂದೆ ಚಂದಾಗಿರ್ಲಿ. ನಾನ ಹೋಗ್ತೀನ್ರಿ."

ಕೂತವರಿಗೆ ಇದು ತಪ್ಪೊಪ್ಪಿಗೆಯಂತೆ ಕೇಳಿತು. ನನಗೆ ಹಾಗೆ ಕೇಳಲಿಲ್ಲ. ಇವಳಿಗೆ ಗೊತ್ತಿದೆ ಎಂದುಕೊಂಡೆ. ಜುಂಜಣ್ಣ ಕಂಬಳಿ ಮಡಿಸಲು ಬಗ್ಗಿದ. ಹಂಪಣ್ಣ ಟ್ರಂಕಿನ ಹಿಡಿ ಹಿಡಿದ. ಚಿತ್ತಪ್ಪ ಗೋಡೆಗೆ ಮುಖ ಮಾಡಿ ನಿಂತಿದ್ದ. ಇನ್ನು ನಾನು ಸುಮ್ಮನಿದ್ದರೆ ಸಾಕಿತ್ತು. ಯಾರೂ ನನ್ನನ್ನು ಕೇಳುವವರಿರಲಿಲ್ಲ. ಆ ಹುಡುಗಿ ನನಗೆ ಅಷ್ಟು ಸಲೀಸು ಮಾಡಿಕೊಟ್ಟು ಹೊರಟಿದ್ದಳು.

"ಮಡಿಸಬ್ಯಾಡ ಭಾವ," ಎಂದೆ.

ಹೋಗಿ ಕಂಬಳಿಯ ಮೇಲೆ ಕೂತೆ. ಎರಡೂ ಕೈ ಊರಿದೆ.

"ಸೀಸೆ ಬಾವಿಗೆ ಎಸೀಲಿಲ್ಲ. ನನ್ನ ಹತ್ರ ಐತೆ. ಮರಿಗೂಡಿನ ಕಂಬ್ಳಿ ಒಳಗೆ ಮಡಗಿದ್ದೆ. ಅಲ್ಲೇ ಚೆಲ್ಲೋಯ್ತು."

ಸಂಚಿ ಬಿಚ್ಚಿ ಸೀಸೆ ತೆಗೆದು ಮುಂದಿಟ್ಟೆ. ಜುಂಜಣ್ಣ ಬಗ್ಗಿ ಅದನ್ನು ನೋಡಿ ಕೇಳಿದ, "ಯಾಕೆ ಮಡಗ್ದೆ, ಮೂಕಮ್ಮ?"

ಏನೆಂದು ಹೇಳಲಿ? ಮೂವತ್ತು ವರ್ಷ ಈ ಮನೆಯಲ್ಲಿ ಪಾಯಸ ಮಾಡಿದ್ದೇನೆ. ಹಬ್ಬಕ್ಕೊಮ್ಮೆ ಮಾಡಿ, ಗಂಡಸರಿಗೆ ಬಡಿಸಿ, ಮಕ್ಕಳಿಗೆ ಬಡಿಸಿ, ಬಂದವರಿಗೆ ಬಡಿಸಿ, ಕೊನೆಗೆ ಪಾತ್ರೆಯ ತಳವನ್ನು ಕೆರೆದು ತಿಂದಿದ್ದೇನೆ. ಆ ಸೀಸೆಯಲ್ಲಿ ಒಂದು ಪಾತ್ರೆ ತುಂಬ ಪಾಯಸ ಇತ್ತು, ಯಾರಿಗೂ ಬಡಿಸಬೇಕಾಗಿರಲಿಲ್ಲ. ಇದನ್ನೆಲ್ಲ ಗಂಡಸರ ನಡುವೆ ಹೇಳಲಾಗುವುದೇ?

"ಮೂಸ್ಬೇಕು ಅನ್ನಿಸ್ತು. ಮೂಸ್ದೆ," ಎಂದೆ.

ಬೇಲಿಯಾಚೆ ಯಾರೋ ಕಿಸಕ್ಕನೆ ನಕ್ಕರು. ಒಬ್ಬರಾದ ಮೇಲೆ ಒಬ್ಬರು. "ಮುದ್ಕಿಗೆ ಅತ್ತರಂತೆ ಕಣ್ರೇ" ಎಂಬ ಮಾತು ಸ್ಪಷ್ಟವಾಗಿ ಕೇಳಿತು. ಯರ್ರಪ್ಪ ತಲೆ ತಗ್ಗಿಸಿ ನೆಲ ನೋಡುತ್ತಿದ್ದ. ನನ್ನ ಕಿವಿ ಸುಟ್ಟಿತು. ಆದರೂ ಕೈ ಎತ್ತಲಿಲ್ಲ.

"ಸರಿ, ಗೊತ್ತಾಯ್ತಲ್ಲ," ಎಂದ ಜುಂಜಣ್ಣ. "ಕೂಸಿನ ತಪ್ಪಿಲ್ಲ. ಹಂಪಣ್ಣ, ನಿನ್ ಮಗಳು ಇಲ್ಲೇ ಇರ್ಲಿ." ಹಂಪಣ್ಣ ಅತ್ತೇಬಿಟ್ಟ. ಎಲ್ಲರೂ ಏಳಲು ಹೊರಟರು. ಅಂಬಮ್ಮ ಮಾತ್ರ ನಿಂತಲ್ಲಿಂದ ಕದಲಲಿಲ್ಲ.

"ಅತ್ತಿ, ಚೆಲ್ಲಿದ್ದು ನಿಮಗ ಯಾವಾಗ ಗೊತ್ತಾತ್ರಿ?"

ಇಂದು ಬೆಳಗ್ಗೆ ಎನ್ನಬಹುದಿತ್ತು. ಆದರೆ ಕೈ ಕಂಬಳಿಯ ಮೇಲಿತ್ತು.

"ಮಂಗಳವಾರ."

ನಗು ನಿಂತುಹೋಯಿತು. ಮೂಸಿದ್ದಕ್ಕೆ ನಕ್ಕವರಿಗೆ ಈಗ ನಗಲು ಏನೂ ಸಿಗಲಿಲ್ಲ. ಮಂಗಳವಾರದಿಂದ ಗುರುವಾರದವರೆಗೆ ಎರಡು ಮರಿ ಸತ್ತಿದ್ದವು, ಒಬ್ಬ ಹುಡುಗಿ ಟ್ರಂಕು ಕಟ್ಟಿದ್ದಳು.

"ನನಗ ಮೊದಲಿಂದ ಗೊತ್ತಿತ್ರಿ," ಎಂದಳು ಅವಳು. ದನಿ ಎತ್ತರಿಸಲಿಲ್ಲ. "ಮುಂಜಾನಿ ರಾಗಿಮುದ್ದಿ ಕೊಡೋವಾಗ ನಿಮ್ಮ ಕೈಯಾಗ ಅದ ವಾಸನಿ ಇರ್ತಿತ್ತು. ನನಗ ಸಂತೋಷ ಆಗಿತ್ರಿ. ಕೇಳಿದ್ರ ಪೂರಾ ಕೊಟ್ಟಬಿಡ್ತಿದ್ದೆ. ಸೋಮಾರ ನೀವು ನನ್ನ ಮ್ಯಾಲೆ ಹಾಕಿದ್ರಿ. ಸಿಟ್ಟಿನಾಗ ಅಂದಾರ, ನಾಳಿ ಹೇಳ್ತಾರ ಅಂದ್ಕೊಂಡೆ. ಮರಿ ತಂದು ಮುಂದಿಟ್ಟೆ, ಈಗರೆ ಹೇಳ್ತಾರ ಅಂದ್ಕೊಂಡೆ. ಗುಣಿ ತೋಡಿಸು ಅಂದ್ರಿ."

"ಈಗ ಹೇಳಿದ್ರಲ್ಲವ್ವ," ಎಂದ ಹಂಪಣ್ಣ.

"ಹೇಳಿದ್ರು. ಅದಕ್ಕ ತಿರುಗಿ ಬರಂಗಿಲ್ಲ ಅಂತ ನಾ ಅನ್ನಂಗಿಲ್ಲ." ಅವಳು ಬಗ್ಗಿ ಸೀಸೆ ಎತ್ತಿ ನನ್ನ ಕೈಗೇ ಇಟ್ಟಳು. "ಇದು ನಿಮ್ಮ ಹತ್ರ ಇರ್ಲಿ. ನಾ ಹಬ್ಬ ಮುಗಿಸಿ ಬರ್ತೀನಿ. ಐದು ಮರಿ ಅದಾವ. ನೀವು ಸಾಕ್ರಿ. ಬಂದಾಗ ಐದೂ ಇದ್ರ ಈ ಮನಿಯಾಗ ಇರ್ತೀನಿ. ಒಂದು ಕಡಿಮಿ ಆದ್ರ ಬಂದ ಗಾಡಿಯಾಗ ತಿರುಗಿ ಹೋಗ್ತೀನ್ರಿ."

ಗಾಡಿ ಹೋಯಿತು. ಹಿಂದೆಯೇ ಓಡಲು ಹೋದ ಚಿತ್ತಪ್ಪನನ್ನು ನಾನೇ ತಡೆದೆ.

ಹನ್ನೆರಡು ದಿನ ನಾನು ಆ ಐದು ಮರಿಗಳಿಗೆ ಬಾಣಂತಿತನ ಮಾಡಿದೆ. ದಿನಕ್ಕೆ ನಾಲ್ಕು ಸಲ ಕುರಿಯ ಕುತ್ತಿಗೆಯನ್ನು ಕಂಕುಳಲ್ಲಿ ಅದುಮಿ ಮರಿಗೆ ಕೆಚ್ಚಲು ಹಿಡಿಸುವುದು, ಗುದ್ದಿಸಿಕೊಳ್ಳುವುದು, ಮತ್ತೆ ಹಿಡಿಸುವುದು. ನನ್ನ ತೊಡೆಗಳು ನೀಲಿಗಟ್ಟಿದವು. ಮೇಕೆಹಾಲಿಗಾಗಿ, ನಕ್ಕವರ ಮನೆಗಳ ಬಾಗಿಲಿಗೇ ಬೋಗುಣಿ ಹಿಡಿದು ಹೋದೆ. ನಾಲ್ಕು ಕುರಿಗಳು ಒಂದೊಂದಾಗಿ ಸೋತು ನಿಂತವು. ಸೀಸೆಯನ್ನು ಸೂರಿಗೆ ಸಿಕ್ಕಿಸಿದ್ದೆ, ಮುಟ್ಟಲಿಲ್ಲ. ಐದನೆಯದು ಕಪ್ಪು ಕಿವಿಯ ಸಣ್ಣ ಹೆಣ್ಣುಮರಿ, ಮೊದಲಿನಿಂದಲೂ ಬಡಕಲು. ಹತ್ತನೆಯ ದಿನ ಬೇಧಿ ಶುರುವಾಯಿತು. ಓಮ ಕುಡಿಸಿದೆ, ಮಜ್ಜಿಗೆ ಕುಡಿಸಿದೆ. ಹನ್ನೊಂದನೆಯ ದಿನ ಮಧ್ಯಾಹ್ನ ನನ್ನ ಮಡಿಲಲ್ಲಿ ಕಾಲು ನೀಡಿತು.

ಜುಂಜಣ್ಣನ ಮಂದೆಯಲ್ಲಿ ಅದೇ ವಯಸ್ಸಿನ, ಅದೇ ಕಪ್ಪು ಕಿವಿಯ ಮರಿ ಒಂದಿತ್ತು. ಸುದ್ದಿ ಕೇಳಿ ಬಂದ ಭಾವನೇ ಹೇಳಿದ, "ತಗೊಂಡು ಹೋಗಿ ಸೇರಿಸ್ಬಿಡು ಮೂಕಮ್ಮ. ದರ್ಜಿ ಮಗಳಿಗೆ ಏನು ಗೊತ್ತಾಗ್ತದೆ." ಯರ್ರಪ್ಪ ಹೂಂ ಎಂದ. ಚಿತ್ತಪ್ಪ ನನ್ನ ಮುಖ ನೋಡಿದ, ಅವನ ಕಣ್ಣಲ್ಲಿ ಬೇಡಿಕೆ ಇತ್ತು. ಮಗನ ಸಂಸಾರ ಒಂದು ಕುರಿಮರಿಯ ಮೇಲೆ ನಿಂತಿತ್ತು. ನಾನು ಭಾವನ ಮರಿಯನ್ನು ಎತ್ತಿಕೊಂಡು ನಮ್ಮ ಬಾಗಿಲವರೆಗೆ ಬಂದೆ. ಅಲ್ಲಿಂದ ವಾಪಸು ಹೋಗಿ ಬಿಟ್ಟು ಬಂದೆ.

ಮಾರನೆಯ ದಿನ ಹೊತ್ತೇರುವಾಗ ಗಾಡಿ ಬಂತು. ಅಂಬಮ್ಮ ಇಳಿದಳು. ಟ್ರಂಕನ್ನು ಇಳಿಸಬೇಡವೆಂದು ಗಾಡಿಯವನಿಗೆ ಕೈಸನ್ನೆ ಮಾಡಿದಳು. ನೇರ ಮರಿಗೂಡಿನ ಹತ್ತಿರ ಹೋಗಿ ಗೋಡೆಯ ಮೇಲೆ ಬಗ್ಗಿ ನೋಡಿದಳು.

"ನಾಕು," ಎಂದಳು.

"ನಾಕೇ. ಕಪ್ಪು ಕಿವೀದು ನೆನ್ನೆ ಹೋಯ್ತು," ಎಂದೆ. "ಭಾವನ ಮನೇಲಿ ಅಂಥದ್ದೇ ಒಂದಿತ್ತು. ತಂದು ಸೇರ್ಸಾಕೆ ಹೋಗಿದ್ದೆ. ಬಾಗಿಲ ತನಕ ತಂದಿದ್ದೆ ಕಣಮ್ಮ. ಮನಸ್ಸಾಗಲಿಲ್ಲ."

ಅವಳು ತಿರುಗಿ ನನ್ನ ಕೈಗಳನ್ನು ನೋಡಿದಳು. ಕುರಿ ಗುದ್ದಿ ಬಾತ ಬೆರಳುಗಳು, ಒಡೆದ ಉಗುರು, ಹಾಲಿನ ಜಿಡ್ಡು. ಗಾಡಿಯವನು ಎತ್ತಿನ ಹಗ್ಗ ಹಿಡಿದು ಕಾಯುತ್ತಿದ್ದ. ಗೂಡಿನಲ್ಲಿ ಒಂದು ಮರಿ ಎದ್ದು, ಗೋಡೆಗೆ ಮುಂಗಾಲು ಕೊಟ್ಟು, ಅವಳ ಕಡೆಗೆ ಬಾಯಿ ತೆರೆದು ಅರಚಿತು.

ಅಂಬಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇವಕ್ಕ ಹೊಟ್ಟಿ ಹಸದೈತಿ," ಎಂದಳು. "ಹಾಲು ಎಲ್ಲಿ ಇಟ್ಟೀರಿ ಅತ್ತಿ?"